ಬಲ್ಬ್ ಆರಿತು, ಕರೆಂಟ್ ಏರಿತು: ಶಾರ್ಟ್ ಸರ್ಕ್ಯೂಟನ್ನು ಮೀಟರ್ ಹಿಡಿದು ನೋಡುವ ಬಗೆ

ಬ್ಯಾಟರಿಗೆ ಒಂದು ಬಲ್ಬ್ ಜೋಡಿಸಿ. ಅದು ಉರಿಯುತ್ತಿರುವಾಗಲೇ ಎರಡು ತುದಿಗೂ ಅಡ್ಡಲಾಗಿ ಒಂದು ವೈರ್ ತುಂಡು ಮುಟ್ಟಿಸಿದರೆ ಬಲ್ಬ್ ತಟ್ಟನೆ ಆರುತ್ತದೆ. ‘ಕರೆಂಟ್ ನಿಂತುಹೋಯಿತು’ ಅನ್ನಿಸುವುದು ಸಹಜ. ಆದರೆ ಆ ಗಳಿಗೆಯಲ್ಲಿ ಬ್ಯಾಟರಿಯಿಂದ ಹೊರಡುವ ಕರೆಂಟ್ ಮೊದಲಿಗಿಂತ ಹತ್ತಾರು ಪಟ್ಟು ಹೆಚ್ಚಾಗಿರುತ್ತದೆ. ಬೆಳಕು ನಿಂತಿದೆ ಅಷ್ಟೆ, ಕರೆಂಟ್ ನಿಂತಿಲ್ಲ. ಹೀಗೆ ಕರೆಂಟಿಗೆ ತೀರಾ ಕಡಿಮೆ ರೋಧದ ಅಡ್ಡದಾರಿ ಸಿಗುವುದೇ ಶಾರ್ಟ್ ಸರ್ಕ್ಯೂಟ್, ಚಿಕ್ಕದಾಗಿ ಶಾರ್ಟ್.

ಇದನ್ನು ಓದಿ ನಂಬುವುದಕ್ಕಿಂತ ಮೀಟರಿನಲ್ಲಿ ನೋಡುವುದು ಮೇಲು. ಕೆಳಗಿನ ಪ್ರಯೋಗಗಳೆಲ್ಲ ಮೂರು ಪೆನ್ ಸೆಲ್‌ಗಳಲ್ಲಿ, ಅಂದರೆ 4.5 ವೋಲ್ಟಿನಲ್ಲಿ ಮುಗಿಯುತ್ತವೆ. ಗೋಡೆಯ ಸಾಕೆಟ್ಟಿನಲ್ಲಿ ಇವುಗಳಲ್ಲಿ ಒಂದನ್ನೂ ಮಾಡುವಂತಿಲ್ಲ. ಯಾಕೆಂಬುದು ಲೆಕ್ಕ ಮಾಡುವಾಗಲೇ ಗೊತ್ತಾಗುತ್ತದೆ.

ಮೊದಲು ಲೆಕ್ಕ

ಬೇಕಾದ ಸೂತ್ರ ಒಂದೇ, 1827ರಲ್ಲಿ ಗೆಯಾರ್ಗ್ ಓಮ್ ಪ್ರಕಟಿಸಿದ್ದು: ಕರೆಂಟ್ = ವೋಲ್ಟೇಜ್ ÷ ರೋಧ. ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೆ ಶಾರ್ಟ್ ಆದಾಗ ಭಾಗಿಸಬೇಕಾದ ‘ರೋಧ’ ಯಾವುದು ಎಂಬಲ್ಲೇ ಎಡವುತ್ತೇವೆ. ವೈರಿನ ರೋಧ ಸೊನ್ನೆ ಎಂದಿಟ್ಟರೆ ಕರೆಂಟ್ ಅನಂತ ಎಂಬ ಉತ್ತರ ಬರುತ್ತದೆ. ಮೂರು ಪೆನ್ ಸೆಲ್‌ಗಳಿಂದ ಅನಂತ ಕರೆಂಟ್ ಬರುವುದಿಲ್ಲ ಎಂದು ಯಾರಿಗಾದರೂ ಗೊತ್ತು. ಹಾಗಾದರೆ ತಡೆಯುತ್ತಿರುವುದು ಏನು? ಸೆಲ್‌ನ ಒಳಗೇ ಇರುವ ರೋಧ. ಇದನ್ನು ಆಂತರಿಕ ರೋಧ ಅನ್ನುತ್ತಾರೆ. ಎಎ ಅಳತೆಯ ಹೊಸ ಆಲ್ಕಲೈನ್ ಸೆಲ್ ಒಂದಕ್ಕೆ ಅದು ಸುಮಾರು 0.2 ಓಮ್. ಮೂರು ಸೆಲ್ ಸರಣಿಯಲ್ಲಿದ್ದರೆ 0.6 ಓಮ್.

ಈಗ 10 ಓಮ್ ರೋಧದ ಒಂದು ಲೋಡ್, ಅಂದರೆ ಬಲ್ಬಿನಂತೆ ಕರೆಂಟ್ ಬಳಸುವ ವಸ್ತು, ಜೋಡಿಸಿದ್ದೇವೆ ಎಂದುಕೊಳ್ಳಿ. ಒಟ್ಟು ರೋಧ 10.6 ಓಮ್, ಕರೆಂಟ್ 4.5 ÷ 10.6 = 0.42 ಆಂಪಿಯರ್. ಲೋಡಿಗೆ ಸಿಗುವ ಶಕ್ತಿ 1.8 ವ್ಯಾಟ್.

ಲೋಡಿಗೆ ಅಡ್ಡಲಾಗಿ 0.05 ಓಮ್‌ನ ವೈರ್ ಇಡಿ. 0.35 ಚದರ ಮಿಲಿಮೀಟರಿನ ತಾಮ್ರದ ವೈರ್ ಒಂದು ಮೀಟರ್ ಉದ್ದವಿದ್ದರೆ ಹೆಚ್ಚುಕಡಿಮೆ ಇಷ್ಟೇ ರೋಧ ಇರುತ್ತದೆ. 10 ಓಮ್ ಮತ್ತು 0.05 ಓಮ್ ಸಮಾಂತರವಾದಾಗ ಎರಡೂ ಸೇರಿ 0.0498 ಓಮ್. ಆಂತರಿಕ ರೋಧ ಕೂಡಿಸಿದರೆ 0.65 ಓಮ್. ಕರೆಂಟ್ 4.5 ÷ 0.65 = 6.9 ಆಂಪಿಯರ್. ಹದಿನಾರು ಪಟ್ಟು.

ಆ 6.9 ಆಂಪಿಯರಿನಲ್ಲಿ ಲೋಡಿಗೆ ಹೋಗುವುದು ಎಷ್ಟು? 0.034 ಆಂಪಿಯರ್. ಸೊನ್ನೆಯಲ್ಲ. ‘ಕರೆಂಟ್ ಯಾವಾಗಲೂ ರೋಧ ಕಡಿಮೆ ಇರುವ ದಾರಿಯನ್ನೇ ಹಿಡಿಯುತ್ತದೆ’ ಎಂದು ಹೇಳಿಕೊಡುವುದುಂಟು, ಅದು ಅರ್ಧ ಸತ್ಯ. ಕರೆಂಟ್ ಇರುವ ಎಲ್ಲ ದಾರಿಗಳಲ್ಲೂ ಹರಿಯುತ್ತದೆ. ರೋಧ ಎಷ್ಟು ಪಟ್ಟು ಕಡಿಮೆಯೋ ಪಾಲು ಅಷ್ಟು ಪಟ್ಟು ಹೆಚ್ಚು. ವೈರಿನ ರೋಧ ಲೋಡಿನ ಇನ್ನೂರರಲ್ಲಿ ಒಂದು, ಹಾಗಾಗಿ ಲೋಡಿಗೆ ದಕ್ಕಿದ್ದು ಇನ್ನೂರರಲ್ಲಿ ಒಂದು ಪಾಲು. ಬಲ್ಬ್ ಆರಿದಂತೆ ಕಾಣುವುದು ಅದಕ್ಕೇ. ಅದಕ್ಕೂ ಕರೆಂಟ್ ಬರುತ್ತಿದೆ, ಆದರೆ ಫಿಲಮೆಂಟ್ ಕೆಂಪಾಗುವುದಕ್ಕೂ ಸಾಲುವುದಿಲ್ಲ.

ಇನ್ನು ಶಾಖ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ಎಲ್ಲೆಲ್ಲಿ ಎಷ್ಟು ಎಂದು ತಿಳಿಯುತ್ತದೆ. ವೈರಿನಲ್ಲಿ 2.4 ವ್ಯಾಟ್. ಸೆಲ್‌ಗಳ ಒಳಗೆ 6.9 × 6.9 × 0.6, ಅಂದರೆ ಸುಮಾರು 29 ವ್ಯಾಟ್. ಚಿಕ್ಕದೊಂದು ಸೋಲ್ಡರಿಂಗ್ ಐರನ್ನನ್ನು ಕಾಯಿಸುವಷ್ಟು ಶಾಖ ಸೆಲ್‌ಗಳ ಹೊಟ್ಟೆಯಲ್ಲೇ ಹುಟ್ಟುತ್ತಿದೆ. ಶಾರ್ಟ್ ಅಂದ ಕೂಡಲೇ ನಮ್ಮ ಕಣ್ಣು ವೈರಿನ ಕಡೆ ಹೋಗುತ್ತದೆ. ಸಣ್ಣ ಬ್ಯಾಟರಿಗಳಲ್ಲಿ ಮೊದಲು ಕಾಯುವುದು ಬ್ಯಾಟರಿಯೇ.

ವೈರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಎರಡು ಪಟ್ಟು ಮಾಡಿ ನೋಡಿ: ರೋಧ 0.025 ಓಮ್, ಕರೆಂಟ್ 7.2 ಆಂಪಿಯರ್. ಹೆಚ್ಚೇನೂ ಬದಲಾಗಲಿಲ್ಲ. ಶಾರ್ಟ್ ಆದಾಗ ಎಷ್ಟು ಕರೆಂಟ್ ಹರಿಯಬೇಕೆಂದು ನಿರ್ಧರಿಸುವುದು ಹೆಚ್ಚಾಗಿ ಮೂಲ, ಅಡ್ಡ ಬಿದ್ದ ವೈರ್ ಅಲ್ಲ. ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

ಮೂಲ ಬದಲಾದರೆ ಅಪಾಯವೂ ಬದಲು

ಚೌಕಾಕಾರದ 9 ವೋಲ್ಟ್ ಬ್ಯಾಟರಿಯ ವೋಲ್ಟೇಜ್ ಪೆನ್ ಸೆಲ್‌ಗಿಂತ ಆರು ಪಟ್ಟು. ಆದರೆ ಒಳಗಿನ ರೋಧವೂ ಒಂದೆರಡು ಓಮ್ ಇರುವುದರಿಂದ ಶಾರ್ಟ್ ಕರೆಂಟ್ ಕೆಲವೇ ಆಂಪಿಯರಿಗೆ ನಿಲ್ಲುತ್ತದೆ. 3.7 ವೋಲ್ಟಿನ ಲಿಥಿಯಂ ಅಯಾನ್ ಸೆಲ್ ನೋಡಲು ಅದಕ್ಕಿಂತ ಬಡಪಾಯಿ. ಆಂತರಿಕ ರೋಧ 0.05 ಓಮ್ ಅಥವಾ ಇನ್ನೂ ಕಡಿಮೆ. ಅದೇ 0.05 ಓಮ್ ವೈರ್ ಅಡ್ಡ ಬಿದ್ದರೆ 37 ಆಂಪಿಯರ್. ವೈರಿನ ಮೇಲಿನ ಪ್ಲಾಸ್ಟಿಕ್ ಕ್ಷಣಗಳಲ್ಲಿ ಕರಗುತ್ತದೆ, ಸೆಲ್ ಉಬ್ಬಿ ಬೆಂಕಿ ಹಿಡಿಯಬಹುದು. ಕಾರಿನ ಬ್ಯಾಟರಿಯ ಆಂತರಿಕ ರೋಧ ಕೆಲವೇ ಮಿಲಿಓಮ್. ಅದರ ಎರಡು ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಸ್ಪ್ಯಾನರ್ ಅಲ್ಲೇ ಬೆಸೆದುಕೊಳ್ಳುತ್ತದೆ. 12 ವೋಲ್ಟ್ ಕೈಗೆ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯದಲ್ಲಿ ಉಂಗುರ ತೊಟ್ಟು ಕೆಲಸ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಉಂಗುರವೂ ಒಂದು ವೈರೇ.

ಮೊಬೈಲ್ ಚಾರ್ಜರ್‌ನಂಥ ಅಡಾಪ್ಟರುಗಳ ನಡತೆ ಬೇರೆ. ಒಳಗಿನ ಎಲೆಕ್ಟ್ರಾನಿಕ್ಸ್ ಕರೆಂಟ್ ಮಿತಿ ಮೀರಿದ್ದನ್ನು ಗುರುತಿಸಿ ಔಟ್‌ಪುಟ್ ಕಡಿತಗೊಳಿಸುತ್ತದೆ, ತುಸು ಹೊತ್ತು ಬಿಟ್ಟು ಮತ್ತೆ ಕೊಟ್ಟುನೋಡುತ್ತದೆ, ಮತ್ತೆ ಕಡಿತಗೊಳಿಸುತ್ತದೆ. ಅಡಾಪ್ಟರಿನ ದೀಪ ಮಿಣಮಿಣ ಎನ್ನುತ್ತಿದ್ದರೆ ಅಥವಾ ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಅಡಾಪ್ಟರ್ ಕೆಟ್ಟಿದೆ ಎಂದು ಎಸೆಯಬೇಡಿ. ಮುಂದಿನ ಸರ್ಕ್ಯೂಟ್ ಶಾರ್ಟ್ ಇದೆಯೇ ಎಂದು ಮೊದಲು ನೋಡಿ.

ಪ್ರಯೋಗಕ್ಕೆ ಬೇಕಾದ್ದು

ಎಎ ಅಳತೆಯ ಮೂರು ಆಲ್ಕಲೈನ್ ಅಥವಾ ಸಾಮಾನ್ಯ ಸೆಲ್, ಮೂರು ಸೆಲ್ ಹಿಡಿಯುವ ಹೋಲ್ಡರ್, 2.5 ವೋಲ್ಟ್ 0.3 ಆಂಪಿಯರ್ ಟಾರ್ಚ್ ಬಲ್ಬ್ ಎರಡು, ಅವಕ್ಕೆ ಹೋಲ್ಡರ್, ಒಂದು ಸ್ವಿಚ್, ಕ್ರೊಕೊಡೈಲ್ ಕ್ಲಿಪ್ ಇರುವ ಆರೇಳು ವೈರ್, ಡಿಜಿಟಲ್ ಮಲ್ಟಿಮೀಟರ್, 500 ಮಿಲಿಆಂಪಿಯರಿನ ಫಾಸ್ಟ್ ಗಾಜಿನ ಫ್ಯೂಸ್ ಎರಡು ಮತ್ತು ಅದರ ಹೋಲ್ಡರ್.

ಇವೆಲ್ಲಕ್ಕಿಂತ ಮುಖ್ಯವಾದದ್ದು 10 ಓಮ್, 5 ವ್ಯಾಟಿನ ಬಿಳಿ ಸೆರಾಮಿಕ್ ರೆಸಿಸ್ಟರ್ ಒಂದು. ಇದು ಕಾವಲುಗಾರ. ಬ್ಯಾಟರಿಯ ಪಾಸಿಟಿವ್‌ಗೆ ತಾಗಿದಂತೆ ಸರಣಿಯಲ್ಲಿ ಇಟ್ಟರೆ ಮುಂದೆ ಎಲ್ಲಿ ಶಾರ್ಟ್ ಮಾಡಿದರೂ ಕರೆಂಟ್ 4.5 ÷ 10.6 = 0.42 ಆಂಪಿಯರ್ ದಾಟುವುದಿಲ್ಲ. ಸೆಲ್ ತಣ್ಣಗಿರುತ್ತದೆ, ಪಾಠ ಮಾತ್ರ ಕಣ್ಣಿಗೆ ಕಾಣುತ್ತದೆ. ಇದರ ಬದಲು ಬಣ್ಣದ ಪಟ್ಟೆಗಳ ಕಾಲು ವ್ಯಾಟ್ ರೆಸಿಸ್ಟರ್ ಹಾಕಬೇಡಿ. 1.8 ವ್ಯಾಟ್ ಶಾಖ ಅದಕ್ಕೆ ಏಳು ಪಟ್ಟು ಹೊರೆ, ಹೊಗೆಯಾಡಿ ಕರಕಲಾಗುತ್ತದೆ. 5 ವ್ಯಾಟಿನದೂ ಬಿಸಿಯಾಗುತ್ತದೆ, ಬೆರಳಿಡಬೇಡಿ.

ರೀಚಾರ್ಜ್ ಮಾಡುವ ಸೆಲ್‌ಗಳು ಈ ಕೆಲಸಕ್ಕೆ ಬೇಡ. ಅವುಗಳ ಆಂತರಿಕ ರೋಧ ತೀರಾ ಕಡಿಮೆ, ಕಾವಲು ರೆಸಿಸ್ಟರ್ ಹಾಕುವುದು ಮರೆತ ದಿನ ಕ್ಷಮಿಸುವುದಿಲ್ಲ.

ಹಂತ ಹಂತವಾಗಿ

1. ಸೆಲ್‌ಗಳನ್ನು ಹೋಲ್ಡರಿಗೆ ಹಾಕಿ, ಏನೂ ಜೋಡಿಸದೆ ಟರ್ಮಿನಲ್ ವೋಲ್ಟೇಜ್ ಅಳೆಯಿರಿ. ಮೀಟರ್ 20 ವೋಲ್ಟ್ ಡಿಸಿ ಸ್ಥಾನದಲ್ಲಿರಲಿ. 4.5ರಿಂದ 4.8ರೊಳಗೆ ಬರಬೇಕು.

2. ಪಾಸಿಟಿವ್‌ನಿಂದ ಕಾವಲು ರೆಸಿಸ್ಟರ್, ಅಲ್ಲಿಂದ ಸ್ವಿಚ್, ಅಲ್ಲಿಂದ ಮೀಟರ್, ಅಲ್ಲಿಂದ ಬಲ್ಬ್, ಬಲ್ಬಿನಿಂದ ನೆಗೆಟಿವ್. ಎಲ್ಲವೂ ಒಂದೇ ಸಾಲಿನಲ್ಲಿ. ಮೀಟರಿನ ಕೆಂಪು ಪ್ರೋಬನ್ನು 10 ಆಂಪಿಯರ್ ಎಂದು ಬರೆದಿರುವ ತೂತಿಗೆ ಸರಿಸಿ, ಡಯಲನ್ನೂ ಅಲ್ಲಿಗೇ ತಿರುಗಿಸಿ. 200 ಮಿಲಿಆಂಪಿಯರ್ ಸ್ಥಾನದಲ್ಲಿ ಇಟ್ಟರೆ ಸ್ವಿಚ್ ಒತ್ತಿದ ಕೂಡಲೇ ಮೀಟರಿನ ಒಳಗಿನ ಫ್ಯೂಸ್ ಹೋಗಬಹುದು. ಆಮೇಲೆ ಸರ್ಕ್ಯೂಟಿನಲ್ಲಿ ಇಲ್ಲದ ತಪ್ಪನ್ನು ಗಂಟೆಗಟ್ಟಲೆ ಹುಡುಕುತ್ತೀರಿ.

3. ಸ್ವಿಚ್ ಒತ್ತಿ. ಬಲ್ಬ್ ತುಸು ಹಳದಿಯಾಗಿ ಉರಿಯುತ್ತದೆ. ಮೀಟರಿನಲ್ಲಿ ಸುಮಾರು 0.25 ಆಂಪಿಯರ್. ಬರೆದಿಟ್ಟುಕೊಳ್ಳಿ.

4. ಕಣ್ಣು ಬಲ್ಬಿನ ಮೇಲಲ್ಲ, ಮೀಟರಿನ ಮೇಲಿರಲಿ. ಒಂದು ಕ್ಲಿಪ್ ವೈರಿನ ಎರಡು ತುದಿಗಳನ್ನು ಬಲ್ಬ್ ಹೋಲ್ಡರಿನ ಎರಡು ಸ್ಕ್ರೂಗಳಿಗೆ ಮುಟ್ಟಿಸಿ, ಐದು ಸೆಕೆಂಡ್ ಸಾಕು. ಬಲ್ಬ್ ಆರುತ್ತದೆ, ಅಂಕಿ 0.25ರಿಂದ 0.41 ಅಥವಾ 0.42ಕ್ಕೆ ನೆಗೆಯುತ್ತದೆ.

5. ಸ್ವಿಚ್ ಆಫ್ ಮಾಡಿ. ಮೀಟರ್ ತೆಗೆದು ಅದರ ಜಾಗಕ್ಕೆ ವೈರ್ ಹಾಕಿ. ಕೆಂಪು ಪ್ರೋಬನ್ನು ವೋಲ್ಟ್ ತೂತಿಗೆ ಮರಳಿಸಿ. ಈಗ ಬಲ್ಬಿನ ಎರಡು ತುದಿಯ ವೋಲ್ಟೇಜ್ ಅಳೆಯುತ್ತಾ 4ನೇ ಹಂತವನ್ನು ಮತ್ತೊಮ್ಮೆ ಮಾಡಿ. 1.8 ವೋಲ್ಟಿನ ಆಸುಪಾಸಿನಿಂದ ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ.

ಬಲ್ಬಿನ ರೋಧ ಎಷ್ಟೆಂದು ಲೆಕ್ಕ ಹಾಕಿದವರಿಗೆ ಇಲ್ಲೊಂದು ಗೊಂದಲ ಎದುರಾಗಬಹುದು. 2.5 ಭಾಗ 0.3, ಅಂದರೆ 8.3 ಓಮ್ ಇರಬೇಕಾದ ಬಲ್ಬನ್ನು ಬಿಡಿಯಾಗಿ ಓಮ್ ಮೀಟರಿನಲ್ಲಿ ನೋಡಿದರೆ ಒಂದು ಓಮ್ ಆಜುಬಾಜು ತೋರಿಸುತ್ತದೆ. ಬಲ್ಬ್ ಕೆಟ್ಟಿಲ್ಲ. ಟಂಗ್‌ಸ್ಟನ್ ಫಿಲಮೆಂಟ್ ತಣ್ಣಗಿದ್ದಾಗ ಅದರ ರೋಧ ಉರಿಯುವಾಗಿನ ಹತ್ತನೇ ಒಂದರಷ್ಟೇ. ಈ ವಿಷಯ ಮುಂದೆ ದೋಷ ಹುಡುಕುವಾಗ ಮತ್ತೆ ಬರುತ್ತದೆ.

5ನೇ ಹಂತದಲ್ಲಿ ಪ್ರೋಬ್ ಮರಳಿಸಿ ಎಂದದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಂಪಿಯರ್ ಸ್ಥಾನದಲ್ಲಿರುವ ಮೀಟರ್ ಎಂದರೆ ಎರಡು ಪ್ರೋಬ್‌ಗಳ ನಡುವೆ ಒಂದು ದಪ್ಪ ವೈರ್ ಇದ್ದಂತೆ. 10 ಆಂಪಿಯರ್ ತೂತಿನಲ್ಲಿ ಅದರ ರೋಧ ಸುಮಾರು 0.01 ಓಮ್. ಪ್ರೋಬ್ ಅಲ್ಲೇ ಬಿಟ್ಟು ಬ್ಯಾಟರಿಯ ವೋಲ್ಟೇಜ್ ನೋಡಲು ಹೋದರೆ ನೀವೇ ಶಾರ್ಟ್ ಮಾಡಿದಂತೆ. ಅಗ್ಗದ ಎಷ್ಟೋ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸ್ ಇರುವುದಿಲ್ಲ, ತೂತಿನ ಪಕ್ಕದಲ್ಲೇ ಹಾಗೆಂದು ಬರೆದಿರುತ್ತದೆ.

ಯಾವುದು ಶಾರ್ಟ್ ಆಯಿತು ಎಂಬುದೂ ಮುಖ್ಯ

ಎಲ್ಲ ಶಾರ್ಟೂ ಬ್ಯಾಟರಿಯನ್ನು ಕೊಲ್ಲುವುದಿಲ್ಲ. ಕಾವಲು ರೆಸಿಸ್ಟರ್ ಹಾಗೇ ಇರಲಿ, ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿ. ಕರೆಂಟ್ ಸುಮಾರು 0.20 ಆಂಪಿಯರ್, ಎರಡೂ ಮಂಕಾಗಿ ಕೆಂಪಗೆ ಉರಿಯುತ್ತವೆ. ಒಂದಕ್ಕೆ ಮಾತ್ರ ಅಡ್ಡ ವೈರ್ ಇಡಿ. ಅದು ಆರುತ್ತದೆ, ಇನ್ನೊಂದು ಪ್ರಕಾಶಮಾನವಾಗುತ್ತದೆ. ಮೊದಲು ಅದಕ್ಕೆ ಸಿಗುತ್ತಿದ್ದದ್ದು 1.2 ವೋಲ್ಟ್, ಈಗ 1.8ರ ಮೇಲೆ. ಇಲ್ಲಿ ಉಳಿದ ಬಲ್ಬ್ ಕರೆಂಟಿಗೆ ತಡೆಯಾಗಿ ನಿಂತಿದೆ, ಹಾಗಾಗಿ ಬ್ಯಾಟರಿಗೆ ಅಪಾಯವಿಲ್ಲ. ಹೊರೆ ಬಿದ್ದದ್ದು ಉಳಿದವನ ಮೇಲೆ. ಕಾವಲು ಇಲ್ಲದಿದ್ದರೆ 2.5 ವೋಲ್ಟಿನ ಆ ಬಲ್ಬ್ 4.5 ವೋಲ್ಟ್ ಹೊತ್ತು ಸುಟ್ಟುಹೋಗುತ್ತಿತ್ತು. ಅಲಂಕಾರದ ಸೀರಿಯಲ್ ಸೆಟ್‌ಗಳಲ್ಲಿ ಕೆಲವು ಬಲ್ಬ್ ಒಳಗೇ ಶಾರ್ಟ್ ಆದ ಮೇಲೆ ಮಿಕ್ಕವು ಒಂದರ ಹಿಂದೆ ಒಂದು ಹೋಗುವುದೂ ಇದೇ ಕಾರಣಕ್ಕೆ.

ಸಮಾಂತರ ಜೋಡಣೆಯಲ್ಲಿ ಈ ರಿಯಾಯಿತಿ ಇಲ್ಲ. ಯಾವ ಬಲ್ಬಿಗೆ ಅಡ್ಡ ವೈರ್ ಇಟ್ಟರೂ ಎಲ್ಲವೂ ಆರುತ್ತವೆ, ಏಕೆಂದರೆ ಎಲ್ಲದರ ತುದಿಗಳೂ ಅವೇ ಎರಡು ಬಿಂದುಗಳು.

ಎಲ್‌ಇಡಿಯ ಉದಾಹರಣೆ ಇನ್ನೂ ಸ್ವಾರಸ್ಯಕರ. 4.5 ವೋಲ್ಟ್, 150 ಓಮ್ ರೆಸಿಸ್ಟರ್, 2 ವೋಲ್ಟ್ ಬೇಡುವ ಕೆಂಪು ಎಲ್‌ಇಡಿ. ಕರೆಂಟ್ 2.5 ÷ 150, ಸುಮಾರು 17 ಮಿಲಿಆಂಪಿಯರ್. ಎಲ್‌ಇಡಿಯ ಎರಡು ಕಾಲು ಒಂದಕ್ಕೊಂದು ತಾಗಿದರೆ ಕರೆಂಟ್ 30 ಮಿಲಿಆಂಪಿಯರ್ ಆಗುತ್ತದೆ, ಎಲ್‌ಇಡಿ ಆರುತ್ತದೆ, ಕಾಲು ಬಿಡಿಸಿದರೆ ಮತ್ತೆ ಉರಿಯುತ್ತದೆ. ಯಾರಿಗೂ ನಷ್ಟವಿಲ್ಲ. ಅದೇ ರೆಸಿಸ್ಟರಿನ ಎರಡು ಕಾಲು ತಾಗಿದರೆ? ಎಲ್‌ಇಡಿ ಒಂದು ಕ್ಷಣ ಜೋರಾಗಿ ಮಿಂಚಿ, ಬಣ್ಣ ಬದಲಿಸಿ, ಶಾಶ್ವತವಾಗಿ ಸಾಯುತ್ತದೆ. ಅದನ್ನು ಕಾಪಾಡಲು ಉಳಿದದ್ದು ಸೆಲ್‌ನ 0.6 ಓಮ್ ಮಾತ್ರ.

ಸ್ವಿಚ್ ತಪ್ಪು ಜಾಗದಲ್ಲಿ ಕೂರುವುದು ಕಲಿಯುವವರಲ್ಲಿ ತೀರಾ ಸಾಮಾನ್ಯ. ಬಲ್ಬಿನ ಸಾಲಿನಲ್ಲಿ ಇರಬೇಕಾದ ಸ್ವಿಚ್ಚನ್ನು ಬಲ್ಬಿಗೆ ಸಮಾಂತರವಾಗಿ ಜೋಡಿಸುತ್ತಾರೆ. ಸ್ವಿಚ್ ಆಫ್ ಇದ್ದಾಗ ಬಲ್ಬ್ ಉರಿಯುತ್ತದೆ, ಆನ್ ಮಾಡಿದರೆ ಆರುತ್ತದೆ! ‘ಸ್ವಿಚ್ ಉಲ್ಟಾ ಇದೆ ಅಷ್ಟೆ’ ಎಂದು ಬಿಟ್ಟರೆ, ಕಾವಲು ರೆಸಿಸ್ಟರ್ ಇಲ್ಲದಿದ್ದಾಗ ಹತ್ತು ನಿಮಿಷದಲ್ಲಿ ಸೆಲ್‌ಗಳು ಕೈಯಲ್ಲಿ ಹಿಡಿಯಲಾಗದಷ್ಟು ಕಾದಿರುತ್ತವೆ. ಆನ್ ಮಾಡಿದಾಗ ಆರುವ ದೀಪ ಕಂಡರೆ ಮೊದಲು ಒಂದು ಸೆಲ್ ಹೊರತೆಗೆಯಿರಿ, ಯೋಚನೆ ಆಮೇಲೆ.

ಫ್ಯೂಸ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಈಗ ಬಲ್ಬ್ ಮತ್ತು ಮೀಟರ್ ಎರಡನ್ನೂ ಬದಿಗಿಡಿ. ಇಷ್ಟು ಹೊತ್ತು ಕಾವಲುಗಾರನಾಗಿದ್ದ 10 ಓಮ್ ರೆಸಿಸ್ಟರೇ ಈ ಸಲ ಲೋಡ್. ಪಾಸಿಟಿವ್‌ಗೆ ತಾಗಿದಂತೆ 500 ಮಿಲಿಆಂಪಿಯರಿನ ಫ್ಯೂಸ್, ನಂತರ ಸ್ವಿಚ್, ನಂತರ ರೆಸಿಸ್ಟರ್, ನೆಗೆಟಿವ್. ಸ್ವಿಚ್ ಒತ್ತಿದರೆ ಹರಿಯುವುದು ಸುಮಾರು 0.4 ಆಂಪಿಯರ್, ಫ್ಯೂಸ್ ಸುಮ್ಮನಿರುತ್ತದೆ. ರೆಸಿಸ್ಟರಿಗೆ ಅಡ್ಡ ವೈರ್ ಮುಟ್ಟಿಸಿ. ಸೆಲ್, ಫ್ಯೂಸ್, ವೈರ್ ಎಲ್ಲದರ ರೋಧ ಸೇರಿ ಒಂದು ಓಮ್ ಆಸುಪಾಸು, ಕರೆಂಟ್ ನಾಲ್ಕು ಆಂಪಿಯರಿಗೂ ಮೇಲೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗಾಜಿನೊಳಗಿನ ಎಳೆ ನಡುವೆ ಕರಗಿ ಬೇರ್ಪಟ್ಟಿರುತ್ತದೆ. ಸೆಲ್ ಮುಟ್ಟಿ ನೋಡಿ, ತಣ್ಣಗಿದೆ.

ಸತ್ತ ಫ್ಯೂಸನ್ನು ಬಿಸಾಡುವ ಮೊದಲು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಒಳ್ಳೆಯದು. ಎಳೆ ಮಧ್ಯದಲ್ಲಿ ಮಾತ್ರ ತುಂಡಾಗಿ ಗಾಜು ತಿಳಿಯಾಗಿದ್ದರೆ ಕರೆಂಟ್ ಮಿತಿಯನ್ನು ಸಾಧಾರಣವಾಗಿ ಮೀರಿದೆ. ಗಾಜಿನ ಒಳಮೈ ಕಪ್ಪಾಗಿದ್ದರೆ ಅಥವಾ ಕನ್ನಡಿಯಂತೆ ಲೋಹ ಮೆತ್ತಿಕೊಂಡಿದ್ದರೆ ಎಳೆ ಸಿಡಿದು ಆವಿಯಾಗಿದೆ. ಅಂದರೆ ದೊಡ್ಡ ಮೂಲದ ಮುಂದೆ ನೇರ ಶಾರ್ಟ್ ಆಗಿದೆ. ಮೊದಲನೆಯದಕ್ಕೆ ಹೊಸ ಫ್ಯೂಸ್ ಹಾಕಿ ನಿಗಾ ಇಡಬಹುದು. ಎರಡನೆಯದಕ್ಕೆ ದೋಷ ಹುಡುಕದೆ ಹೊಸ ಫ್ಯೂಸ್ ಹಾಕುವುದು ಫ್ಯೂಸಿಗೆ ದಂಡ.

ಫ್ಯೂಸ್ ಮೇಲೆ 500 ಮಿಲಿಆಂಪಿಯರ್ ಎಂದಿದ್ದರೆ 501ಕ್ಕೆ ಕರಗುತ್ತದೆ ಎಂದಲ್ಲ. ಈ ಬಗೆಯ ಫಾಸ್ಟ್ ಗಾಜಿನ ಫ್ಯೂಸ್ ಒಂದೂವರೆ ಪಟ್ಟು ಕರೆಂಟನ್ನು ಒಂದು ಗಂಟೆಯಾದರೂ ತಾಳಬೇಕು ಎಂಬುದೇ ಅಂತರರಾಷ್ಟ್ರೀಯ ಮಾನದಂಡ. ಹತ್ತು ಪಟ್ಟಾದರೆ ಮಾತ್ರ 20 ಮಿಲಿಸೆಕೆಂಡಿನೊಳಗೆ ಕರಗಬೇಕು. ಆದ್ದರಿಂದ ಫ್ಯೂಸ್ ನೇರ ಶಾರ್ಟಿಗೆ ಒಳ್ಳೆಯ ಮದ್ದು, ಅರೆಬರೆ ಶಾರ್ಟಿಗೆ ಅಲ್ಲ. ಇದನ್ನು ನೋಡಲು 10 ಓಮ್ ಲೋಡಿನ ಸರ್ಕ್ಯೂಟಿಗೆ 250 ಮಿಲಿಆಂಪಿಯರ್ ಫ್ಯೂಸ್ ಹಾಕಿ. 0.4 ಆಂಪಿಯರ್ ಹರಿಯುತ್ತಿದ್ದರೂ ಅದು ಬಹಳ ಹೊತ್ತು ಉಳಿದುಕೊಳ್ಳುತ್ತದೆ.

ಜಾಗವೂ ಮುಖ್ಯ. ಫ್ಯೂಸ್ ಇರಬೇಕಾದ್ದು ಮೂಲದ ಬುಡದಲ್ಲಿ. ಲೋಡಿನ ಪಕ್ಕ ಕೂರಿಸಿದರೆ, ಮೂಲಕ್ಕೂ ಫ್ಯೂಸಿಗೂ ನಡುವಿನ ವೈರಿನಲ್ಲಿ ಶಾರ್ಟ್ ಆದಾಗ ಆ ಕರೆಂಟ್ ಫ್ಯೂಸಿನ ಮೂಲಕ ಹಾಯುವುದೇ ಇಲ್ಲ.

ಕೆಟ್ಟ ಸರ್ಕ್ಯೂಟಿನಲ್ಲಿ ಶಾರ್ಟ್ ಹುಡುಕುವುದು

ಬಲ್ಬ್ ಉರಿಯುತ್ತಿಲ್ಲ. ವೈರ್ ಕಿತ್ತಿದೆಯೋ, ಶಾರ್ಟ್ ಆಗಿದೆಯೋ? ಬ್ಯಾಟರಿಯ ತುದಿಗಳಲ್ಲೇ ವೋಲ್ಟೇಜ್ ನೋಡಿ. 4.5 ವೋಲ್ಟ್ ಪೂರ್ತಿ ಇದ್ದರೆ ಎಲ್ಲೋ ದಾರಿ ತುಂಡಾಗಿದೆ, ಕರೆಂಟ್ ಹರಿಯುತ್ತಲೇ ಇಲ್ಲ. ಒಂದು ವೋಲ್ಟಿಗಿಂತ ಕೆಳಗೆ ಬಿದ್ದಿದ್ದರೆ ಶಾರ್ಟ್. ತಕ್ಷಣ ಬ್ಯಾಟರಿ ಬಿಡಿಸಿ. ಅಡ್ಡ ಬಿದ್ದ ವೈರನ್ನು ಎಳೆಯಲು ಹೋಗಬೇಡಿ, ಅದು ಕಾದಿರಬಹುದು. ಮೊದಲು ತೆಗೆಯಬೇಕಾದ್ದು ಮೂಲವನ್ನು.

ಇಲ್ಲಿಂದ ಮುಂದಿನದು ಓಮ್ ಮೀಟರಿನ ಕೆಲಸ. ಕರೆಂಟ್ ಇರುವ ಸರ್ಕ್ಯೂಟಿಗೆ ಓಮ್ ಮೀಟರ್ ಹಚ್ಚಬಾರದು. ಕೆಪಾಸಿಟರ್ (ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ) ಇದ್ದರೆ ಅದರಲ್ಲಿ ವೋಲ್ಟೇಜ್ ಉಳಿದಿದೆಯೇ ನೋಡಿ, 1 ಕಿಲೋಓಮ್ ರೆಸಿಸ್ಟರ್ ಅಡ್ಡ ಹಿಡಿದು ಖಾಲಿ ಮಾಡಿ.

ಹೆಚ್ಚಿನವರು ನೇರ ‘ಬೀಪ್’ ಸ್ಥಾನಕ್ಕೆ ಹೋಗುತ್ತಾರೆ. ಬೀಪ್ ಬಂತು ಎಂದರೆ ಶಾರ್ಟ್ ಎಂದು ತೀರ್ಮಾನ. ಇದು ದಾರಿ ತಪ್ಪಿಸುತ್ತದೆ. ಬಹುತೇಕ ಮೀಟರುಗಳು 30 ಓಮ್, 50 ಓಮ್ ಇದ್ದರೂ ಕೂಗುತ್ತವೆ. ತಣ್ಣಗಿನ ಬಲ್ಬ್, ಆಟಿಕೆಯ ಮೋಟಾರ್, ರಿಲೇಯ ಸಣ್ಣ ಕಾಯಿಲ್, ಟ್ರಾನ್ಸ್‌ಫಾರ್ಮರ್ ಸುತ್ತು ಎಲ್ಲವೂ ಬೀಪ್ ಎನ್ನಬಹುದು, ಎಲ್ಲವೂ ಸರಿಯಾಗಿಯೇ ಇರಬಹುದು. 200 ಓಮ್ ಸ್ಥಾನ ಬಳಸಿ. ಮೊದಲು ಎರಡು ಪ್ರೋಬ್ ತುದಿಗಳನ್ನು ಒತ್ತಿ ಹಿಡಿದು ಬರುವ ಅಂಕಿಯನ್ನು, 0.2 ಇರಲಿ 0.5 ಇರಲಿ, ಗುರುತು ಮಾಡಿಕೊಳ್ಳಿ. ಮುಂದೆ ಬರುವ ಪ್ರತಿ ಅಂಕಿಯಿಂದಲೂ ಅದನ್ನು ಕಳೆಯಿರಿ.

ಸರ್ಕ್ಯೂಟಿನ ಪಾಸಿಟಿವ್ ಮತ್ತು ನೆಗೆಟಿವ್ ತುದಿಗಳ ನಡುವೆ ಅಳೆಯಿರಿ. ಕಳೆದ ಮೇಲೆ ಸೊನ್ನೆಯ ಹತ್ತಿರ ಉಳಿದರೆ ನೇರ ಶಾರ್ಟ್. ಅಂಕಿ ಕೆಳಗಿನಿಂದ ನಿಧಾನ ಏರುತ್ತಾ ಹೋದರೆ ಕೆಪಾಸಿಟರ್ ತುಂಬುತ್ತಿದೆ, ಗಾಬರಿ ಬೇಡ. ಪ್ರೋಬ್ ಅದಲುಬದಲು ಮಾಡಿದಾಗ ಅಂಕಿ ತೀರಾ ಬೇರೆಯಾದರೆ ದಾರಿಯಲ್ಲಿ ಡಯೋಡ್ ಅಥವಾ ಐಸಿ ಇದೆ.

ನೇರ ಶಾರ್ಟ್ ಖಚಿತವಾದರೆ ಸರ್ಕ್ಯೂಟನ್ನು ಮಧ್ಯದಲ್ಲಿ ಕತ್ತರಿಸಿದಂತೆ ಎರಡು ಭಾಗ ಮಾಡಿ, ಒಂದು ಕಡೆಯ ಜೋಡಣೆ ಬಿಡಿಸಿ ಮತ್ತೆ ಅಳೆಯಿರಿ. ಸೊನ್ನೆ ಯಾವ ಕಡೆ ಉಳಿಯಿತೋ ಆ ಕಡೆಯನ್ನು ಮತ್ತೆ ಎರಡು ಮಾಡಿ. ಹದಿನಾರು ಭಾಗಗಳಿದ್ದರೂ ನಾಲ್ಕು ಸಲದಲ್ಲಿ ಸಿಗುತ್ತದೆ. ಒಂದೊಂದೇ ತೆಗೆಯುತ್ತಾ ಹೋಗುವವರು ಹದಿನೈದನೆಯದಕ್ಕೆ ತಲುಪುವಷ್ಟರಲ್ಲಿ ಮೊದಲನೆಯದನ್ನು ಎಲ್ಲಿಂದ ತೆಗೆದದ್ದು ಎಂಬುದೇ ಮರೆತಿರುತ್ತದೆ.

ಕಣ್ಣಿಗೆ ಸಿಗುವ ಜಾಗಗಳು ಹೆಚ್ಚುಕಡಿಮೆ ಇವೇ: ಎಳೆಎಳೆ ವೈರನ್ನು ಸ್ಕ್ರೂಗೆ ಸುತ್ತುವಾಗ ಹೊರಗೆ ಉಳಿದ ಒಂದೇ ಒಂದು ಎಳೆ ಪಕ್ಕದ ಸ್ಕ್ರೂ ಮುಟ್ಟಿರುವುದು, ಬ್ರೆಡ್‌ಬೋರ್ಡಿನಲ್ಲಿ ಉದ್ದ ಬಿಟ್ಟ ರೆಸಿಸ್ಟರ್ ಕಾಲುಗಳು ಒಂದಕ್ಕೊಂದು ಒರಗಿರುವುದು, ಒಂದೇ ಸಾಲಿನ ತೂತುಗಳಿಗೆ ಎರಡು ಕಾಲನ್ನೂ ಚುಚ್ಚಿರುವುದು, ಬೆಸುಗೆ ಹಾಕಿದ ಎರಡು ಬಿಂದುಗಳ ನಡುವೆ ಕೂದಲೆಳೆಯ ಸೀಸದ ಸೇತುವೆ, ಬಾಗುವ ಜಾಗದಲ್ಲಿ ಸವೆದ ಇನ್ಸುಲೇಷನ್. ಕೊನೆಯದು ಕೈಕೊಡುವುದು ಅಲುಗಾಡಿಸಿದಾಗ ಮಾತ್ರ. ಮೀಟರ್ ಹಚ್ಚಿಯೇ ವೈರನ್ನು ಬಾಗಿಸಿ ನೋಡಬೇಕು.

ಉದ್ದದ ಜೋಡಿ ವೈರಿನೊಳಗೆ ಶಾರ್ಟ್ ಇದ್ದರೆ ದೂರವನ್ನೇ ಲೆಕ್ಕ ಹಾಕಬಹುದು. 0.35 ಚದರ ಮಿಲಿಮೀಟರ್ ವೈರ್ ಹೋಗಿ ಬರುವ ಎರಡೂ ಎಳೆ ಸೇರಿ ಮೀಟರಿಗೆ 0.1 ಓಮ್. ಪ್ರೋಬಿನ ರೋಧ ಕಳೆದ ಮೇಲೆ 0.8 ಓಮ್ ಬಂದರೆ ಶಾರ್ಟ್ ಸುಮಾರು 8 ಮೀಟರ್ ಆಚೆ. ಆ ಜಾಗದ ಅರ್ಧ ಮೀಟರ್ ಹಿಂದೆ ಮುಂದೆ ತಡಕಿದರೆ ಮೊಳೆ ಹೊಡೆದದ್ದೋ, ಬಾಗಿಲ ಸಂದಿಗೆ ಸಿಕ್ಕದ್ದೋ ಕಾಣುತ್ತದೆ.

ಕರೆಂಟ್ ಮಿತಿ ಹಾಕಬಲ್ಲ ಪವರ್ ಸಪ್ಲೈ ಇದ್ದರೆ ಕೆಲಸ ಇನ್ನೂ ಹಗುರ. 1 ವೋಲ್ಟ್, 0.5 ಆಂಪಿಯರಿಗೆ ಮಿತಿ ಇಟ್ಟು ಶಾರ್ಟ್ ಆದ ಸರ್ಕ್ಯೂಟಿಗೆ ಕೊಡಿ. ಒಂದು ಪ್ರೋಬನ್ನು ಪಾಸಿಟಿವ್ ತುದಿಯಲ್ಲಿ ಊರಿ, ಇನ್ನೊಂದನ್ನು ಅದೇ ವೈರಿನ ಉದ್ದಕ್ಕೂ ಸರಿಸುತ್ತಾ ಮಿಲಿವೋಲ್ಟ್ ಓದಿ. ಮೇಲಿನ ವೈರಿನಲ್ಲೇ ಆದರೆ ಹತ್ತು ಸೆಂಟಿಮೀಟರಿಗೆ 2.5 ಮಿಲಿವೋಲ್ಟಿನಂತೆ ಏರುತ್ತಾ ಹೋಗುತ್ತದೆ. ಶಾರ್ಟ್ ದಾಟಿದ ಮೇಲೆ ಆ ಭಾಗದಲ್ಲಿ ಕರೆಂಟೇ ಇಲ್ಲದ್ದರಿಂದ ಅಂಕಿ ಏರುವುದು ನಿಲ್ಲುತ್ತದೆ. ನಿಂತ ಜಾಗವೇ ಶಾರ್ಟ್.

230 ವೋಲ್ಟಿನಲ್ಲಿ ಇದೇ ಲೆಕ್ಕ

ಮೇಲಿನ ಲೆಕ್ಕವನ್ನೇ ಗೋಡೆಯ ಸಾಕೆಟ್ಟಿಗೆ ಹಚ್ಚಿ. 230 ವೋಲ್ಟ್, ಟ್ರಾನ್ಸ್‌ಫಾರ್ಮರಿನಿಂದ ಸಾಕೆಟ್ಟಿನವರೆಗಿನ ಒಟ್ಟು ತಡೆ ಅರ್ಧ ಓಮ್ ಎಂದುಕೊಂಡರೆ ಫೇಸ್ ಮತ್ತು ನ್ಯೂಟ್ರಲ್ ತಾಗಿದಾಗ 460 ಆಂಪಿಯರ್. ತಾಗಿದ ತುದಿಯಲ್ಲಿ ತಾಮ್ರ ಕರಗಿ ಕಿಡಿಯಾಗಿ ಹಾರುತ್ತದೆ. 16 ಆಂಪಿಯರಿನ ಸಿ ಮಾದರಿಯ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಐದರಿಂದ ಹತ್ತು ಪಟ್ಟಿನೊಳಗೆ, ಅಂದರೆ 80ರಿಂದ 160 ಆಂಪಿಯರಿನೊಳಗೆ ಎಲ್ಲೋ ಒಂದು ಕಡೆ ತಟ್ಟನೆ ಬೀಳುವಂತೆ ಮಾಡಿರುತ್ತಾರೆ. 460 ಆಂಪಿಯರಿಗೆ ಬಿದ್ದೇ ಬೀಳುತ್ತದೆ.

ಈಗ ಅದೇ ಸಾಕೆಟ್ಟಿಗೆ 0.75 ಚದರ ಮಿಲಿಮೀಟರಿನ, 30 ಮೀಟರ್ ಉದ್ದದ ಎಕ್ಸ್‌ಟೆನ್ಷನ್ ವೈರ್ ಹಾಕಿ. ಹೋಗಿ ಬರುವ 60 ಮೀಟರಿಗೆ 1.4 ಓಮ್. ಒಟ್ಟು 1.9 ಓಮ್, ಕೊನೆಯಲ್ಲಿ ಶಾರ್ಟ್ ಆದರೆ 121 ಆಂಪಿಯರ್. 80ಕ್ಕೂ 160ಕ್ಕೂ ನಡುವೆ ಬಿತ್ತು. ಎಂಸಿಬಿ ತಟ್ಟನೆ ಬೀಳಲೂಬಹುದು, ಕೆಲವು ಸೆಕೆಂಡ್ ತಡ ಮಾಡಲೂಬಹುದು. ಆ ಕೆಲವು ಸೆಕೆಂಡ್ ಸಣ್ಣ ವೈರ್ 121 ಆಂಪಿಯರ್ ಹೊತ್ತುಕೊಂಡಿರುತ್ತದೆ, ಸುರುಳಿ ಸುತ್ತಿಟ್ಟಿದ್ದರೆ ಕೇಳುವುದೇ ಬೇಡ. ತೆಳ್ಳಗಿನ ಉದ್ದ ವೈರ್ ಶಾರ್ಟ್ ಕರೆಂಟನ್ನು ತಗ್ಗಿಸುತ್ತದೆ ಎಂಬುದು ಕೇಳಲು ಒಳ್ಳೆಯ ಸುದ್ದಿಯಂತಿದೆ, ನಿಜದಲ್ಲಿ ರಕ್ಷಣೆಯನ್ನೇ ಕುರುಡಾಗಿಸುತ್ತದೆ.

ಆರ್‌ಸಿಸಿಬಿ (ಕರೆಂಟ್ ಸೋರಿಕೆ ಹಿಡಿಯುವ ಸ್ವಿಚ್) ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅದು ನೋಡುವುದು ಫೇಸಿನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲಿನಲ್ಲಿ ವಾಪಸು ಬಂದ ಕರೆಂಟಿಗೂ ಇರುವ ವ್ಯತ್ಯಾಸವನ್ನು. 30 ಮಿಲಿಆಂಪಿಯರ್ ಭೂಮಿಗೆ ಸೋರಿದರೂ ಬೀಳುತ್ತದೆ. ಫೇಸ್ ಮತ್ತು ನ್ಯೂಟ್ರಲ್ ನಡುವಿನ ಶಾರ್ಟಿನಲ್ಲಿ ಹೋದದ್ದಷ್ಟೂ ವಾಪಸು ಬರುತ್ತದೆ, ವ್ಯತ್ಯಾಸ ಸೊನ್ನೆ. 460 ಆಂಪಿಯರ್ ಹರಿದರೂ ಆರ್‌ಸಿಸಿಬಿಯ ಮಟ್ಟಿಗೆ ಎಲ್ಲವೂ ಸರಿಯಾಗಿದೆ. ಎಂಸಿಬಿ, ಆರ್‌ಸಿಸಿಬಿ ಎರಡೂ ಬೇಕು, ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ.

ಎಂಸಿಬಿ ಬಿದ್ದಾಗ ಮತ್ತೆ ಮತ್ತೆ ಎತ್ತಿ ನೋಡಬೇಡಿ. ಆ ಸಾಲಿನ ಪ್ಲಗ್‌ಗಳನ್ನೆಲ್ಲ ಕಿತ್ತು, ಸ್ವಿಚ್‌ಗಳನ್ನೆಲ್ಲ ಆಫ್ ಮಾಡಿ, ಒಮ್ಮೆ ಎತ್ತಿ. ನಿಂತರೆ ದೋಷ ಯಾವುದೋ ಉಪಕರಣದಲ್ಲಿದೆ. ಕಪ್ಪಾದ ಪಿನ್, ಸುಟ್ಟ ವಾಸನೆ ಇರುವುದನ್ನು ಬದಿಗಿಟ್ಟು ಮಿಕ್ಕವನ್ನು ಒಂದೊಂದಾಗಿ ಜೋಡಿಸಿ. ಎಲ್ಲ ಕಿತ್ತ ಮೇಲೂ ಬಿದ್ದರೆ ದೋಷ ಗೋಡೆಯೊಳಗಿನ ವೈರಿಂಗಿನಲ್ಲಿದೆ. ಅದನ್ನು ಆಫ್ ಸ್ಥಾನದಲ್ಲೇ ಬಿಟ್ಟು ಎಲೆಕ್ಟ್ರಿಷಿಯನ್ ಕರೆಯಿರಿ, ಎಂಸಿಬಿ ಎಷ್ಟು ಸಲ ಬಿತ್ತು, ಆಗ ಏನೇನು ಚಾಲೂ ಇತ್ತು ಎಂದು ಅವರಿಗೆ ಹೇಳಿ.